ಬೀಗದ ಕೈ ನನ್ನ ಹತ್ತಿರವಿತ್ತು

ಕಳೆದ ತಿಂಗಳು, ಯಲಹಂಕದ ಹತ್ತಿರದ ಸಿಂಗಾಪುರದ ನಮ್ಮ ಮನೆಯ ಗೇಟಿಗೆ ಬಣ್ಣ ಹೊಡೆಸಿದೆವು. ಪೇಂಟರು ಡಬ್ಬಿಯ ಮುಚ್ಚಳ ಮೀಟಿ ತೆಗೆದು, ಟರ್ಪೆಂಟೈನ್ ಸುರಿದು, ಕಡ್ಡಿಯಲ್ಲಿ ಕಲಕತೊಡಗಿದರು. ಅವರಿಗೆ ಕಾಫಿ ಕೊಡಲು ಹೊರಗೆ ಬಂದ ನಾನು ಲೋಟ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಾಫಿ ಸೀರೆಯ ಮೇಲೆ ಚೆಲ್ಲಿತು. ಮನೆಯವರು ಬಂದು ಬಿ.ಪಿ. ಮಾತ್ರೆ ನುಂಗಿದೆಯಾ ಎಂದು ಕೇಳಿದರು. ನುಂಗಿದ್ದೆ. ಇದು ಬಿ.ಪಿ. ಅಲ್ಲವೆಂದೂ ಗೊತ್ತಿತ್ತು. ಬಿಸಿಲಿಗೆ ಕಾದ ಕಬ್ಬಿಣದ ಮೇಲೆ ಹಸಿ ಕಪ್ಪು ಬಣ್ಣ ಬಿದ್ದಾಗ ಏಳುವ ಆ ವಾಸನೆ ನನ್ನನ್ನು ಐದಾರು ವರ್ಷ ಹಿಂದಕ್ಕೆ, ತಣಿಸಂದ್ರದ ಒಂದು ಸರ್ಕಾರಿ ಶಾಲೆಯ ಗೇಟಿನ ಮುಂದಕ್ಕೆ ಎಳೆದುಕೊಂಡು ಹೋಗಿ ನಿಲ್ಲಿಸಿತ್ತು. ಆ ಗೇಟಿಗೆ ಬಣ್ಣ ಹೊಡೆಸಿದ್ದು ಅಂದಕ್ಕಲ್ಲ, ರಕ್ತ ಕಾಣಬಾರದೆಂದು.

ಆ ವರ್ಷ ನಾನು ಮಕ್ಕಳಿಗೆ ಪಾಠ ಮಾಡಲಿಲ್ಲ, ಮೇಷ್ಟ್ರುಗಳಿಗೆ ಮಾಡಿದೆ. ಇಲಾಖೆ ನನ್ನನ್ನು ಒಂದು ವರ್ಷದ ಮಟ್ಟಿಗೆ ನಿಯೋಜನೆಯ ಮೇಲೆ ತರಬೇತಿಗೆ ಹಾಕಿತ್ತು. ಶಾಲೆಯಲ್ಲಿ ಜಾತಿ, ಮತ, ಭಾಷೆ, ಊರು, ಬಡತನ, ಅಂಗವೈಕಲ್ಯ ಇವುಗಳ ಹೆಸರಲ್ಲಿ ಮಕ್ಕಳಿಗೆ ಆಗುವ ತಾರತಮ್ಯವನ್ನು ಶಿಕ್ಷಕರೇ ಗುರುತಿಸಿ ಸರಿಪಡಿಸಿಕೊಳ್ಳಬೇಕು, ಪಾಠವನ್ನೂ ಅದಕ್ಕೆ ತಕ್ಕಂತೆ ಕಟ್ಟಬೇಕು ಎಂಬುದು ಅದರ ಉದ್ದೇಶ. ಹತ್ತು ದಿನ ನನಗೆ ಕಲಿಸಿ, ಕೈಗೊಂದು ದಪ್ಪ ಪುಸ್ತಕ ಕೊಟ್ಟು, ಐದು ಶಾಲೆಗಳನ್ನು ವಹಿಸಿದರು. ಶನಿವಾರದ ಶಾಲೆ ತಣಿಸಂದ್ರದ್ದು. ಬೆಳಗ್ಗೆ ಸಿಂಗಾಪುರದಿಂದ ಹೆಬ್ಬಾಳಕ್ಕೊಂದು ಬಸ್ಸು, ಅಲ್ಲಿಂದ ಇನ್ನೊಂದು. ಮಕ್ಕಳು ಹನ್ನೊಂದೂವರೆಗೆ ಮನೆಗೆ ಹೋದ ಮೇಲೆ ಏಳು ಜನ ಶಿಕ್ಷಕರೊಂದಿಗೆ ಮೂರು ಗಂಟೆಯವರೆಗೆ ತರಬೇತಿ.

ಶಾಲೆ ಹಳೇ ಊರಿನ ಅಂಚಿನಲ್ಲಿತ್ತು. ಒಂದು ಬದಿಗೆ ಊರಿನವರ ಮನೆಗಳು, ರಾಗಿ ಬೆಳೆದ ಹೊಲದ ಮೇಲೆಯೇ ನಾಲ್ಕಂತಸ್ತು ಎಬ್ಬಿಸಿ ಬಾಡಿಗೆಗೆ ಕೊಟ್ಟವರು. ಇನ್ನೊಂದು ಬದಿಗೆ ಏಳುತ್ತಿದ್ದ ಅಪಾರ್ಟ್‌ಮೆಂಟು, ಅದರ ಕಾಂಪೌಂಡಿಗೆ ಆತುಕೊಂಡು ತಗಡಿನ ಶೆಡ್ಡುಗಳ ಸಾಲು. ಶೆಡ್ಡಿನವರು ಹೆಚ್ಚಿನಂಶ ರಾಯಚೂರು ಕಡೆಯ ಗಾರೆ ಕೆಲಸದವರು. ಊರಲ್ಲಿ ಕೈಲಾದವರ ಮಕ್ಕಳು ಕಾನ್ವೆಂಟಿಗೆ ಹೋಗುತ್ತಿದ್ದರು. ಉಳಿದವರ ಮಕ್ಕಳು, ಶೆಡ್ಡಿನ ಮಕ್ಕಳು ಈ ಶಾಲೆಗೆ. ಎರಡೂ ಕಡೆಯ ಮನೆಮಾತು ಕನ್ನಡವೇ. ಆದರೆ ಶೆಡ್ಡಿನ ಮಗು ಟೀಚರಿಗೆ ಅಕ್ಕೋರ ಎಂದು ಬಾಯಿ ಬಿಟ್ಟರೆ ತರಗತಿಯೆಲ್ಲ ನಗುತ್ತಿತ್ತು, ಕೆಲವೊಮ್ಮೆ ಟೀಚರೂ ನಗುತ್ತಿದ್ದರು. ನಾನೇನು ಮೇಲಿನಿಂದ ಇಳಿದವಳಲ್ಲ. ನಮ್ಮದೂ ಹೊಲ ಮಾರಿ ಸೈಟು ಮಾಡಿದ ಮನೆತನ. ನಮ್ಮ ಮಹಡಿ ಕಟ್ಟಿದವರೂ ರಾಯಚೂರು ಕಡೆಯವರೇ, ಅವರಿಗೆ ನೀರು ಕೊಡಲು ನಮ್ಮನೆಯಲ್ಲಿ ಬೇರೆ ಪ್ಲಾಸ್ಟಿಕ್ ಜಗ್ಗಿತ್ತು. ತರಬೇತಿಗೆ ಹೋಗಿ ಬಂದ ಮೇಲೆ ಆ ಜಗ್ಗನ್ನು ಎತ್ತಿ ಬಿಸಾಡಿದೆ. ಅಷ್ಟಕ್ಕೇ ನಾನು ಬದಲಾದೆನೆಂದು ನಂಬಿಕೊಂಡಿದ್ದೆ.

ಮೊದಲ ಶನಿವಾರವೇ ಮುನಿರಾಜು ಮೇಷ್ಟ್ರ ಪರಿಚಯವಾಯಿತು. ಐದನೇ ತರಗತಿಗೆ ಗಣಿತ ಹೇಳುತ್ತಿದ್ದರು. ಅದೇ ಊರಿನವರು, ಐವತ್ತು ದಾಟಿದ ವಯಸ್ಸು, ಊರಿಗೆಲ್ಲ ಅವರ ಮಾತೆಂದರೆ ಮಾತು. ಅವರ ಬೆತ್ತ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಮಲಗಿರುತ್ತಿತ್ತು. ತಾರತಮ್ಯ ಎಂದರೇನು ಎಂದು ನಾನು ಶುರು ಮಾಡಿದ ಕೂಡಲೇ ಅವರು ಕೈಯೆತ್ತಿದರು. "ಮೇಡಂ, ನಾನು ಎಲ್ರಿಗೂ ಒಂದೇ ಥರ ಹೊಡೀತೀನಿ. ನನ್ ಹತ್ರ ಭೇದಭಾವ ಇಲ್ಲ." ಎಲ್ಲರೂ ನಕ್ಕರು. ಹೆಡ್‌ಮಿಸ್ ವಿಶಾಲಾಕ್ಷಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೂ ನಗು ಬಂತು.

ಜುಲೈಯಲ್ಲಿ ಉಳಿದ ಶಾಲೆಗಳನ್ನು ಬಿಟ್ಟು ಒಂದು ವಾರ ಪೂರ್ತಿ ಅವರ ತರಗತಿಯ ಹಿಂದೆ ಕೂತೆ. ಯಾರಿಗೆ, ಯಾವ ತಪ್ಪಿಗೆ ಏಟು ಬಿತ್ತೆಂದು ಬರೆದುಕೊಂಡೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಒದ್ದೆ ಯೂನಿಫಾರ್ಮಿನ ಕಮಟು, ಅದರ ನಡುವೆ ಗಾಳಿ ಸೀಳುವ ಬೆತ್ತದ ಸದ್ದು. ಕೊನೆಯ ಬೆಂಚಿನಲ್ಲಿ ಹುಲಿಗೆಮ್ಮ ಎಂಬ ಹುಡುಗಿ ಕೂರುತ್ತಿದ್ದಳು, ಶೆಡ್ಡಿನವಳು. ಏಟು ಬಿದ್ದಾಗ ಅಳುತ್ತಿರಲಿಲ್ಲ. ಅಂಗೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಂದು ಕೂತು, ಇನ್ನೊಂದು ಕೈಯಲ್ಲಿ ಬರೆಯಲು ನೋಡುತ್ತಿದ್ದಳು. ಏಳರ ಮಗ್ಗಿ ತಪ್ಪಿದ್ದಕ್ಕೆ ಅವಳಿಗೆ ಎರಡೂ ಕೈಗೆ ಬಿತ್ತು. ಅದೇ ಮಗ್ಗಿ ತಪ್ಪಿದ ಊರಿನ ಹುಡುಗನಿಗೆ, ನಿಮ್ಮಪ್ಪನಿಗೆ ಹೇಳ್ತೀನಿ ನೋಡು ಎಂಬ ಬೆದರಿಕೆಯಷ್ಟೇ ಸಿಕ್ಕಿತು.

ಶನಿವಾರ ಆ ಪಟ್ಟಿಯನ್ನು ಎಲ್ಲರ ಮುಂದೆ ಓದಿದೆ. ಏಟು ತಿಂದವರಲ್ಲಿ ಊರಿನ ಮಗುವಿನ ಹೆಸರು ಒಂದೇ ಒಂದಿತ್ತು. ಅದೂ ತಂದೆಯಿಲ್ಲದ ಮಗು. ಓದಿ ಮುಗಿಸುವಷ್ಟರಲ್ಲಿ ಮುನಿರಾಜು ಎದ್ದು ನಿಂತಿದ್ದರು. ಬೆತ್ತ ಎತ್ತಿ ನನ್ನ ಪಕ್ಕದ ಗೋಡೆಗೆ ಅಪ್ಪಳಿಸಿದರು. ಅದು ಎರಡು ತುಂಡಾಗಿ, ಒಂದು ಸಿಬಿರು ಬಂದು ನನ್ನ ಕೆನ್ನೆಗೆ ಹೊಡೆಯಿತು. ಇಪ್ಪತ್ತಾರು ವರ್ಷ ಪಾಠ ಮಾಡಿದವನಿಗೆ ಕಳ್ಳನ ಹಾಗೆ ಲೆಕ್ಕ ಹಿಡಿಯುತ್ತೀರಾ ಎಂದು ಕೇಳಿ, ಕೊಡೆಯನ್ನೂ ತೆಗೆದುಕೊಳ್ಳದೆ ಮಳೆಯಲ್ಲಿ ನಡೆದುಬಿಟ್ಟರು. ಕೆನ್ನೆಯ ರಕ್ತ ಒರೆಸಿಕೊಳ್ಳುತ್ತಾ ನಾನು ಒಳಗೊಳಗೇ ಹೆಮ್ಮೆ ಪಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ತರಬೇತಿಯ ಪುಸ್ತಕದಲ್ಲಿ ವಿರೋಧ ಬಂದರೆ ಸರಿದಾರಿಯಲ್ಲಿದ್ದೀರೆಂದು ಅರ್ಥ ಎಂದು ಬರೆದಿತ್ತು.

ಅವರು ತರಬೇತಿಗೆ ಬರುವುದನ್ನು ಬಿಡಲಿಲ್ಲ. ಹಾಜರಿ ಹಾಕಬೇಕಿತ್ತಲ್ಲ. ಐದಾರು ವಾರ ಕಿಟಕಿಯ ಕಡೆ ಮುಖ ಮಾಡಿ ಕೂತು ಹೋದರು. ಹಾಗೆ ಕೂತಿದ್ದರಿಂದಲೇ ಸೆಪ್ಟೆಂಬರಿನ ಒಂದು ಶನಿವಾರ ಅದನ್ನು ಅವರು ನೋಡಿದ್ದು. ಮನೆಗೆ ಹೋಗದ ಏಳೆಂಟು ಮಕ್ಕಳು ಧ್ವಜದ ಕಟ್ಟೆಯ ಹತ್ತಿರ ಟೀಚರಾಟ ಆಡುತ್ತಿದ್ದರು. ಒಬ್ಬರು ಮೇಷ್ಟ್ರು, ಉಳಿದವರು ಮಕ್ಕಳು, ಸರದಿ ಬದಲಾಗುತ್ತಿತ್ತು. ಯಾರು ಮೇಷ್ಟ್ರಾದರೂ ಏಟು ಬೀಳುತ್ತಿದ್ದುದು ಶೆಡ್ಡಿನ ಮಕ್ಕಳಿಗೇ. ಹುಲಿಗೆಮ್ಮನ ಸರದಿ ಬಂತು. ಅವಳು ಹೊಂಗೆ ಬರಲಿನ ಕೋಲು ಕಿತ್ತುಕೊಂಡು, ಸಾಲಿನಲ್ಲಿದ್ದ ಅತಿ ಚಿಕ್ಕ ಹುಡುಗಿಯನ್ನು, ತನ್ನದೇ ಪಕ್ಕದ ಶೆಡ್ಡಿನ ಮಗುವನ್ನು ಕರೆದು ಕೈ ಚಾಚಿಸಿದಳು. "ನಿಮಗೆಲ್ಲಿ ಬರುತ್ತೆ ಲೆಕ್ಕ, ಶೆಡ್ಡಿನವರಿಗೆ" ಎಂದು ನಮ್ಮ ಕಡೆಯ ಕನ್ನಡದಲ್ಲಿ, ಮುನಿರಾಜು ಮೇಷ್ಟ್ರ ರಾಗದಲ್ಲೇ ಹೇಳಿ ಬೀಸಿದಳು. ಅದು ಆಟದ ಏಟಾಗಿರಲಿಲ್ಲ. ಮಗು ಕಿರುಚಿತು. ಹುಲಿಗೆಮ್ಮ ನಿಲ್ಲಿಸಲಿಲ್ಲ. ಒಂದರಿಂದ ಮೂರರವರೆಗಿನ ನಲಿಕಲಿ ತರಗತಿಯ ಶಾಹೀನ್ ಟೀಚರ್ ಓಡಿಹೋಗಿ ಕೋಲು ಕಿತ್ತುಕೊಳ್ಳುವ ಹೊತ್ತಿಗೆ ಆ ಮಗುವಿನ ತೋಳಲ್ಲಿ ಬಾಸುಂಡೆಗಳೆದ್ದಿದ್ದವು.

ಮುನಿರಾಜು ಕಿಟಕಿಯಿಂದ ಮುಖ ತಿರುಗಿಸಿ ನಮ್ಮ ಕಡೆ ನೋಡಿದರು. ಸೋಮವಾರದಿಂದ ಅವರ ಮೇಜಿನ ಮೇಲೆ, ಮುರಿದದ್ದರ ಬದಲು ತಂದಿದ್ದ ಹೊಸ ಬೆತ್ತವೂ ಇರಲಿಲ್ಲ ಎಂದು ಹೆಡ್‌ಮಿಸ್ ನನಗೆ ಫೋನಿನಲ್ಲಿ ತಿಳಿಸಿದರು.

ದಸರಾ ರಜೆ ಕಳೆದ ಮೇಲೆ ಕೆಲಸ ಸ್ವಲ್ಪ ಸಲೀಸಾಯಿತು. ಬೆಂಚುಗಳನ್ನು ವಾರಕ್ಕೊಮ್ಮೆ ಬದಲಿಸುವುದು, ಒಂದೇ ವಸ್ತುವಿಗೆ ಎರಡೂ ಕಡೆಯ ಮಾತಿನಲ್ಲಿರುವ ಹೆಸರುಗಳನ್ನು ಗೋಡೆಗೆ ಬರೆದು ಹಾಕುವುದು, ಮಕ್ಕಳ ಮನೆಯವರ ಕಸುಬನ್ನು ಪಾಠಕ್ಕೆ ತರುವುದು ಶುರುವಾಯಿತು. ಡಿಸೆಂಬರಿನಲ್ಲಿ ಹುಲಿಗೆಮ್ಮನ ಅಪ್ಪನನ್ನು ಗಣಿತದ ಪಿರಿಯಡ್ಡಿಗೆ ಕರೆಸಿದೆವು. ತೆಳ್ಳಗೆ, ಎತ್ತರಕ್ಕಿದ್ದ ಮನುಷ್ಯ, ತೊಳೆದರೂ ಬೆರಳ ಸಂದಿಯಲ್ಲಿ ಸಿಮೆಂಟು ಉಳಿದಿತ್ತು. ಇವರು ದುರ್ಗಪ್ಪನವರು ಎಂದು ನಾನೇ ಮಕ್ಕಳಿಗೆ ಪರಿಚಯ ಮಾಡಿಕೊಟ್ಟೆ. ಆತ ದಾರ ಹಿಡಿದು ಅಂಗಳದಲ್ಲಿ ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು ಅಡಿ ಅಳೆದು, ಎರಡು ತುದಿಗಳ ನಡುವೆ ಸರಿಯಾಗಿ ಐದು ಅಡಿ ಬಂದರೆ ಮೂಲೆ ಮಟ್ಟಸ, ಇಲ್ಲದಿದ್ದರೆ ಗೋಡೆ ಸೊಟ್ಟ ಎಂದು ತೋರಿಸಿದ. ಮಕ್ಕಳು ಶಾಲೆಯ ಮೂಲೆಗಳನ್ನೆಲ್ಲ ಅಳೆದು, ಹೆಡ್‌ಮಿಸ್ ಕೋಣೆಯ ಗೋಡೆ ಸೊಟ್ಟಗಿದೆ ಎಂದು ಕಂಡುಹಿಡಿದರು. ಮುನಿರಾಜು ದೂರದಲ್ಲಿ ಕೈಕಟ್ಟಿ ನಿಂತಿದ್ದವರು ಬಂದು ದಾರದ ಒಂದು ತುದಿ ಹಿಡಿದುಕೊಂಡರು. ಆ ಲಂಬಕೋನದ ಸೂತ್ರವನ್ನು ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ, ಒಂದು ಸಲವೂ ನೆಲದ ಮೇಲೆ ನೋಡಿರಲಿಲ್ಲ ಎಂದು ಆಮೇಲೆ ನನ್ನೊಂದಿಗೆ ಒಪ್ಪಿಕೊಂಡರು. ಆ ದಿನ ಬಸ್ಸಿನಲ್ಲಿ ಹಾಡಿಕೊಂಡು ಮನೆಗೆ ಹೋಗಿದ್ದೆ.

ಫೆಬ್ರವರಿಯಲ್ಲಿ ಸೆಕೆ ಬೇಗ ಶುರುವಾಯಿತು. ಅಪಾರ್ಟ್‌ಮೆಂಟಿನ ಧೂಳು ಊರ ಮೇಲೆಲ್ಲ ಕೂತಿತ್ತು. ಆ ಹೊತ್ತಿಗೆ ಎಲ್ಲರ ಫೋನಿಗೂ ಮಕ್ಕಳ ಕಳ್ಳರ ಸುದ್ದಿ ಬರತೊಡಗಿತು. ಯಾರದೋ ದನಿ, ಎಲ್ಲಿಯದೋ ಚಿತ್ರ. ಹೊರಗಿನಿಂದ ಬಂದವರು ಮಕ್ಕಳನ್ನು ಗೋಣಿಚೀಲದಲ್ಲಿ ಹೊತ್ತೊಯ್ಯುತ್ತಿದ್ದಾರಂತೆ, ನಿಮ್ಮ ಏರಿಯಾಕ್ಕೂ ಬಂದಿದ್ದಾರಂತೆ. ನಮ್ಮ ಮನೆಯವರಿಗೂ ಬಂತು. ಸುಳ್ಳು ಎಂದು ಪೊಲೀಸರು ಆಟೋದಲ್ಲಿ ಮೈಕ್ ಕಟ್ಟಿಕೊಂಡು ಸಾರಿದರು. ಸಾರಿದ ಮೇಲೆ ಜನ, ಹಾಗಾದರೆ ನಿಜವೇ ಇರಬಹುದು ಎಂದುಕೊಂಡರು.

ಒಂದು ಶನಿವಾರ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ನಾನು ಶಾಲೆಯಲ್ಲಿದ್ದೆ. ಮುನಿರಾಜು ಮುಂದೆ ನಿಂತು ಮಕ್ಕಳಿಗೆ ಎಚ್ಚರಿಕೆ ಹೇಳಿದರು. ಗುರುತಿಲ್ಲದವರು ಕರೆದರೆ ಹೋಗಬೇಡಿ, ಕೊಟ್ಟದ್ದು ತಿನ್ನಬೇಡಿ. ಅಷ್ಟಕ್ಕೆ ನಿಲ್ಲಿಸಿದ್ದರೆ ಸರಿಯಾಗಿತ್ತು. "ಶೆಡ್ಡಿನ ಕಡೆ ದಿನಾ ಯಾರ್ ಯಾರೋ ಬರ್ತಾರೆ, ಹೋಗ್ತಾರೆ. ಅವರ ಮೇಲೆ ಒಂದ್ ಕಣ್ಣಿಡಿ ಅಂತ ನಿಮ್ಮನೇಲಿ ಹೇಳಿ." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾಲಿಗೆಯ ಹಳೆಯ ರೂಢಿ ಅದು. ಐದನೇ ತರಗತಿಯ ಸಾಲಿನಲ್ಲಿ ಹುಲಿಗೆಮ್ಮ ತಲೆ ತಗ್ಗಿಸಿದ್ದು ನನಗೆ ಕಾಣಿಸಿತು. ಅಲ್ಲೇ ಮುಂದೆ ಹೋಗಿ ಆ ಮಾತನ್ನು ತಿದ್ದಬಹುದಿತ್ತು. ಎಲ್ಲರೆದುರು ಅವರಿಗೆ ಮುಜುಗರ ಮಾಡುವುದು ಬೇಡ, ಈಗಷ್ಟೇ ದಾರಿಗೆ ಬಂದಿದ್ದಾರೆ, ಮಧ್ಯಾಹ್ನದ ತರಬೇತಿಯಲ್ಲಿ ಮೆಲ್ಲಗೆ ಎತ್ತೋಣ ಎಂದುಕೊಂಡೆ. ಮಧ್ಯಾಹ್ನ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಮಾತು ಬಂದು ಇದು ಮರೆತೇಹೋಯಿತು. ಮಕ್ಕಳು ಮರೆಯಲಿಲ್ಲ. ಮೇಷ್ಟ್ರು ಹೇಳಿದ್ದನ್ನು ಮನೆಮನೆಗೆ ಮುಟ್ಟಿಸಿದರು.

ಮುಂದಿನ ಶನಿವಾರ ಶಾಲೆ ಬಿಟ್ಟು ಹತ್ತು ನಿಮಿಷವಾಗಿತ್ತು. ಅರ್ಧ ಮಕ್ಕಳು ಹೋಗಿದ್ದರು, ಇನ್ನರ್ಧ ಶಾಲೆಯಲ್ಲಿ ಹಂಚುವ ಕಡಲೇಕಾಯಿ ಚಿಕ್ಕಿ ತೆಗೆದುಕೊಳ್ಳಲು ಒಳಗೇ ಸಾಲಿನಲ್ಲಿದ್ದರು. ಒಂದನೇ ತರಗತಿಯ ಊರಿನ ಹುಡುಗಿಯೊಬ್ಬಳು ಅಜ್ಜಿ ಬರಲಿಲ್ಲವೆಂದು ಗೇಟಿನ ಹೊರಗೆ ರಸ್ತೆಯಂಚಿನಲ್ಲಿ ಅಳುತ್ತಾ ನಿಂತಿದ್ದಳು. ದುರ್ಗಪ್ಪ ಮಗಳನ್ನು ಕರೆದೊಯ್ಯಲು ಬಂದಿದ್ದ, ಹೆಗಲ ಮೇಲೆ ಖಾಲಿ ಸಿಮೆಂಟು ಚೀಲ. ಆ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಏನೋ ಕೇಳಿ, ಕೈ ಹಿಡಿದು ಶಾಲೆಯ ಕಡೆಗೇ ಕರೆತರುತ್ತಿದ್ದ. ಇದನ್ನು ನಾನು ಕಾರಿಡಾರಿನಿಂದ ಕಣ್ಣಾರೆ ನೋಡಿದೆ. ಬೈಕಿನಲ್ಲಿ ಬಂದ ಇಬ್ಬರು ನಿಲ್ಲಿಸಿ, ಯಾರ ಮಗು ಅದು ಎಂದು ಗದರಿದರು. ದನಿ ಕೇಳಿ ಮಗು ಇನ್ನೂ ಜೋರಾಗಿ ಅತ್ತಿತು. ಅವರಿಗೆ ಅಷ್ಟೇ ಸಾಕಿತ್ತು.

ಎಲ್ಲಿಂದ ಬಂದರೋ ಗೊತ್ತಿಲ್ಲ, ಎರಡು ನಿಮಿಷದಲ್ಲಿ ಮೂವತ್ತು ನಲವತ್ತು ಜನ ಸೇರಿದರು. ಹೆಡ್‌ಮಿಸ್ ಓಡಿಬಂದು ಅಳುತ್ತಿದ್ದ ಆ ಮಗುವನ್ನು ಒಳಗೆಳೆದುಕೊಂಡು, ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿದರು. ಬೀಗದ ಕೈಯನ್ನು, ಗೇಟಿನ ಹತ್ತಿರ ಓಡಿಬಂದಿದ್ದ ನನ್ನ ಅಂಗೈಯಲ್ಲಿಟ್ಟು, ಏನೇ ಆದರೂ ತೆಗೆಯಬೇಡಿ ಮೇಡಂ, ಮಕ್ಕಳಿದ್ದಾರೆ ಎಂದು ಹೇಳಿ ಪೊಲೀಸರಿಗೆ ಫೋನು ಮಾಡಲು ಒಳಗೆ ಹೋದರು.

ಮೊದಲು ಚಪ್ಪಲಿಯಲ್ಲಿ ಹೊಡೆದರು. ಆಮೇಲೆ ಬೆಲ್ಟು. ಒಬ್ಬ ಅವನ ಚೀಲ ಕಿತ್ತು ಕೊಡವಿದ, ಅದರಿಂದ ಸಿಮೆಂಟಿನ ಪುಡಿಯಷ್ಟೇ ಬಿತ್ತು. ಆದರೂ, ಚೀಲ ನೋಡ್ರೋ, ಚೀಲ ತಂದವ್ನೆ ಎಂದು ಕೂಗಿದ. ಮೇಷ್ಟ್ರು ಯೋಳಿದ್ದು ನಿಜ ಆಯ್ತು ನೋಡ್ರೋ ಎಂದು ಇನ್ನೊಬ್ಬ ದನಿಗೂಡಿಸಿದ. ಯಾರೋ ಕಲ್ಲಿನಿಂದ ಮುಖಕ್ಕೆ ಗುದ್ದಿದರು. ಕೆಲವರು ಹೊಡೆಯುತ್ತಿದ್ದರು, ಕೆಲವರು ಫೋನು ಎತ್ತಿ ಹಿಡಿದಿದ್ದರು, ಹೊಡೆದು ಹಿಂದೆ ಸರಿದವರು ಫೋನು ಹಿಡಿದರೆ ಫೋನು ಹಿಡಿದವರು ಮುಂದೆ ಹೋಗುತ್ತಿದ್ದರು. ದುರ್ಗಪ್ಪ ಬಿದ್ದ, ಎದ್ದ, ಮತ್ತೆ ಬಿದ್ದು ತೆವಳಿಕೊಂಡು ಗೇಟಿನ ಸರಳು ಹಿಡಿದುಕೊಂಡ. ನನಗೂ ಅವನಿಗೂ ನಡುವೆ ಎರಡು ಮಾರು ದೂರವೂ ಇರಲಿಲ್ಲ. ಎಡಗಣ್ಣು ಇದ್ದ ಜಾಗದಲ್ಲಿ ರಕ್ತ ತುಂಬಿಕೊಂಡಿತ್ತು. ಇನ್ನೊಂದು ಕಣ್ಣಿನಿಂದ ನನ್ನನ್ನು ಗುರುತು ಹಿಡಿದ.

"ಅಕ್ಕೋರ," ಅಂದ. "ಹೇಳ್ರಿ. ಇವ್ರಿಗೆ ಹೇಳ್ರಿ."

ನನ್ನ ಮುಷ್ಟಿಯಲ್ಲಿ ಬೀಗದ ಕೈ ಇತ್ತು. ತೆಗೆದರೆ ಈ ಜನ ಒಳಗೆ ನುಗ್ಗುತ್ತಾರೆ, ಒಳಗೆ ಶೆಡ್ಡಿನ ಮಕ್ಕಳಿದ್ದಾರೆ, ಶಾಹೀನ್ ಟೀಚರಿದ್ದಾರೆ ಎಂದು ನನ್ನ ತಲೆ ಹೇಳುತ್ತಿತ್ತು. ಅದು ನಿಜವೂ ಆಗಿತ್ತು. ಗೇಟು ಬಿಡಿಸಲು ಯಾರೋ ಅವನ ಬೆರಳುಗಳ ಮೇಲೆ ಕಲ್ಲಿನಿಂದ ಜಜ್ಜಿದರು. ಸರಳುಗಳ ಉದ್ದಕ್ಕೂ ರಕ್ತ ಇಳಿಯಿತು. ನಾನು ನೋಡುತ್ತಾ ನಿಂತಿದ್ದೆ.

ಹಿಂದಿನಿಂದ ಮುನಿರಾಜು ಓಡಿಬಂದು ಕೀ ಕೊಡಿ ಎಂದರು. ನಾನು ಕೊಡಲಿಲ್ಲ. ಬೇಡವೆಂದೂ ಹೇಳಲಿಲ್ಲ, ಮುಷ್ಟಿ ಬಿಚ್ಚಲಿಲ್ಲ ಅಷ್ಟೆ. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಎಬ್ಬಿಸಿ ತೆಗೆದುಕೊಂಡರು. ಗೇಟನ್ನು ಒಬ್ಬ ಆಳು ನುಸುಳುವಷ್ಟು ಸರಿಸಿ ಹೊರಗೆ ದಾಟಿ, ಹೊರಗಿನಿಂದಲೇ ಮತ್ತೆ ಬೀಗ ಜಡಿದು, ಕೀಯನ್ನು ಗೇಟಿನ ಮೇಲಿಂದ ಒಳಗೆ ಎಸೆದರು. ಅಷ್ಟಕ್ಕೆ ಎಷ್ಟು ಹೊತ್ತು ಬೇಕು. ಒಬ್ಬನೂ ಒಳಗೆ ನುಗ್ಗಲಿಲ್ಲ.

ಅವರು ದುರ್ಗಪ್ಪನ ಮೇಲೆ ಬಗ್ಗಿ ಎರಡೂ ಕೈ ನೆಲಕ್ಕೆ ಊರಿ ನಿಂತರು, ಇವನು ನಮ್ಮ ಶಾಲೆಯ ಹುಡುಗಿಯ ಅಪ್ಪ ಎಂದು ಕೂಗಿದರು. ಗುಂಪು ಒಂದು ಗಳಿಗೆ ನಿಂತಿತು. ಊರಿನ ಮೇಷ್ಟ್ರು, ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ಅವರ ಬೆತ್ತ ತಿಂದು ಬೆಳೆದವರು. ಮುಂದೆ ನಿಂತಿದ್ದವನು ಅವರ ಅಣ್ಣನ ಮಗ ಕಿರಣ. ಅವನ ಕೈಯಲ್ಲಿ ಅಪಾರ್ಟ್‌ಮೆಂಟಿನ ಕಡೆಯಿಂದ ತಂದ ಕಬ್ಬಿಣದ ಪೈಪಿತ್ತು.

"ಅಡ್ಡ ಬರ್ಬ್ಯಾಡ ಚಿಕ್ಕಪ್ಪ," ಅಂದ ಕಿರಣ. "ನೀನೇ ಅಲ್ವಾ ಯೋಳಿದ್ದು, ಶೆಡ್ಡಿನೋರ ಮ್ಯಾಲೆ ಕಣ್ಣಿಡಿ ಅಂತ."

"ಹೌದು ಕಣೋ, ನಾನೇ ಹೇಳಿದ್ದು," ಅಂದರು ಮುನಿರಾಜು. "ಅದಕ್ಕೇ ಮೊದ್ಲು ನನ್ನ ಹೊಡಿ."

ಕಿರಣ ಪೈಪು ಎತ್ತಿದ. ಚಿಕ್ಕಪ್ಪನಿಗೆ ಹೊಡೆಯಬೇಕೆಂದು ಎತ್ತಿದನೋ, ಕೆಳಗಿದ್ದವನಿಗೆಂದು ಎತ್ತಿದನೋ ಇವತ್ತಿಗೂ ಕೋರ್ಟಿನಲ್ಲಿ ತೀರ್ಮಾನವಾಗಿಲ್ಲ. ಮುನಿರಾಜು ಬಲಗೈ ಅಡ್ಡ ಕೊಟ್ಟರು. ಮೂಳೆ ಮುರಿದ ಸದ್ದು ನನಗೆ ಗೇಟಿನೊಳಗೆ ಕೇಳಿಸಿತು. ಅದಾದ ಮೇಲೂ ಅವರು ಎರಡು ಏಟು ತಿಂದರು, ಒಂದು ಬೆನ್ನಿಗೆ, ಒಂದು ಕಿವಿಯ ಹಿಂದಕ್ಕೆ. ದುರ್ಗಪ್ಪನ ಮೇಲಿಂದ ಏಳಲಿಲ್ಲ. ಪೊಲೀಸ್ ಜೀಪಿನ ಸದ್ದು ಕೇಳಿ ಗುಂಪು ಚದುರಿತು.

ಹುಲಿಗೆಮ್ಮ ಎಲ್ಲವನ್ನೂ ನೋಡಿದ್ದಳು. ಶಾಹೀನ್ ಟೀಚರ್ ಅವಳ ಮುಖವನ್ನು ತಮ್ಮ ಸೆರಗಿಗೆ ಒತ್ತಿ ಹಿಡಿದಿದ್ದರಂತೆ. ಹುಡುಗಿ ಅವರ ಕೈ ಕಚ್ಚಿ ಕಿಟಕಿಗೆ ಹೋಗಿದ್ದಳು. ಶಾಹೀನರ ಮಣಿಕಟ್ಟಿನಲ್ಲಿ ಆ ಹಲ್ಲಿನ ಗುರುತು ಬಹಳ ದಿನ ಇತ್ತು.

ಭಾನುವಾರ ಹೆಡ್‌ಮಿಸ್ ಪೊಲೀಸರ ಮಹಜರು ಮುಗಿದ ಮೇಲೆ ಗೇಟಿಗೆ ಬಣ್ಣ ಹೊಡೆಸಿದರು. ಸೋಮವಾರ ಮಕ್ಕಳು ಬರುವಷ್ಟರಲ್ಲಿ ಅದು ಕಾಣಬಾರದಲ್ಲ ಎಂದು ಅತ್ತರು. ನಾನು ಹೇಳಿಕೆ ಕೊಡಲು ಠಾಣೆಗೆ ಬಂದವಳು ಹಾಗೇ ಶಾಲೆಗೂ ಹೋಗಿದ್ದೆ. ಸರಳಿನ ಕೀಲುಗಳಲ್ಲಿ ಒಣಗಿದ್ದನ್ನು ಪೇಂಟರು ಮೊಳೆಯಿಂದ ಕೆರೆದು ತೆಗೆಯುತ್ತಿದ್ದರು.

ಮುನಿರಾಜು ಆಸ್ಪತ್ರೆಯ ಮಂಚದ ಮೇಲಿಂದಲೇ ಹೇಳಿಕೆ ಕೊಟ್ಟು, ಹೊಡೆದವರ ಹೆಸರುಗಳನ್ನು ಹೇಳಿದರು. ಮೊದಲ ಹೆಸರು ಕಿರಣನದು. ಊರು ಅದನ್ನು ಕ್ಷಮಿಸಲಿಲ್ಲ. ಮೂರನೇ ದಿನ ಅವರ ಮನೆಯ ಕಿಟಕಿಗಳಿಗೆ ಕಲ್ಲು ಬಿದ್ದವು. ಒಂದು ಬೆಳಗ್ಗೆ ಹಾಲಿನ ಅಂಗಡಿಯ ಮುಂದೆ, ಸ್ವಂತ ಅಣ್ಣನೇ ಎಲ್ಲರೆದುರು ಚಪ್ಪಲಿ ತೆಗೆದು ಅವರ ಮುಖಕ್ಕೆ ಬಾರಿಸಿದ. ಬ್ಯಾಂಡೇಜಿನ ಕೈ ಎತ್ತಲಾಗದೆ ಹಾಲಿನ ಪ್ಯಾಕೆಟ್ಟುಗಳನ್ನು ಎಡಗೈಯಲ್ಲಿ ಹಿಡಿದುಕೊಂಡು ಮನೆಗೆ ನಡೆದರಂತೆ. ಅವರ ಹೆಂಡತಿ ಯಲಹಂಕದ ಮಗಳ ಮನೆಗೆ ಹೋದವರು ಆ ಊರಿಗೆ ಮತ್ತೆ ಬರಲಿಲ್ಲ. ಕಿರಣನಿಗೆ ಜಾಮೀನು ಸಿಕ್ಕಿತು. ಕೇಸು ನಡೆಯುತ್ತಲೇ ಇದೆ. ದುರ್ಗಪ್ಪ ಬದುಕಿದ. ಎಡಗಣ್ಣು ಹೋಯಿತು, ಬಲಗೈಯ ಎರಡು ಬೆರಳುಗಳು ಮಡಚುವುದಿಲ್ಲ.

ಮಾರ್ಚಿನಲ್ಲಿ ನನ್ನ ಕೊನೆಯ ತರಬೇತಿ. ಆ ಮಧ್ಯಾಹ್ನ ವರ್ಷದ ಮೊದಲ ಮಳೆ ಆಲಿಕಲ್ಲಿನೊಂದಿಗೆ ಸುರಿದು, ತಗಡಿನ ಶೆಡ್ಡುಗಳ ಮೇಲೆ ಬಿದ್ದ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಮಳೆ ನಿಲ್ಲುವವರೆಗೆ ಸುಮ್ಮನೆ ಕೂತಿದ್ದೆವು. ನಿಂತ ಮೇಲೆ ನಾನು ಪುಸ್ತಕ ತೆರೆಯಲಿಲ್ಲ. ಪ್ರಾರ್ಥನೆಯ ದಿನ ಆ ಮಾತು ಕೇಳಿಯೂ ತಿದ್ದದೆ ಬಿಟ್ಟೆ, ಗೇಟಿನ ಹತ್ತಿರ ಕೀ ಕೈಯಲ್ಲಿದ್ದೂ ಕೊಡಲಿಲ್ಲ, ನಿಮಗೆ ಕಲಿಸುವ ಯೋಗ್ಯತೆ ನನಗಿಲ್ಲ ಎಂದು ಹೇಳಿದೆ. ಯಾರೂ ಸಮಾಧಾನ ಹೇಳಲಿಲ್ಲ. ಒಳ್ಳೆಯದೇ ಆಯಿತು. ಮುನಿರಾಜು ಬಾಯಿ ತೆರೆದರು.

"ನಾನೂ ಧೈರ್ಯ ಇದ್ದು ಹೋಗ್ಲಿಲ್ಲ ಮೇಡಂ. ಅವರ ಬಾಯಲ್ಲಿ ನನ್ ಮಾತು ಕೇಳಿಸ್ತು. ಕ್ಲಾಸಲ್ಲಿ ಕೂತಿರೋಕೆ ಆಗ್ಲಿಲ್ಲ."

ಅದರ ಮುಂದಿನ ವಾರ ಹುಲಿಗೆಮ್ಮ ತಾಯಿಯ ಜೊತೆ ಟಿ.ಸಿ. ತೆಗೆದುಕೊಳ್ಳಲು ಬಂದಳು. ಊರಿಗೆ ವಾಪಸು ಹೋಗುತ್ತೇವೆ, ಸಂಜೆ ಯಶವಂತಪುರದಿಂದ ರೈಲು ಎಂದು ತಾಯಿ ಯಂಕಮ್ಮ ಹೇಳಿದಳು. ಹೆಡ್‌ಮಿಸ್ ರಜೆಯಲ್ಲಿದ್ದರು. ನಾನು ನನ್ನ ವರದಿ ಮುಗಿಸಲೆಂದು ಶಾಲೆಯಲ್ಲಿದ್ದೆ. ಮುನಿರಾಜು ಎಡಗೈಯಲ್ಲಿ ಸೊಟ್ಟಸೊಟ್ಟಗೆ ಟಿ.ಸಿ. ಬರೆದು, ಮೊಹರು ಒತ್ತಿ, ಹುಡುಗಿಯ ತಲೆಯ ಮೇಲೆ ಕೈಯಿಡಲು ಹೋದರು. ಅವಳು ಹಿಂದೆ ಸರಿದಳು. ಅವರು ಕೈ ತೆಗೆದುಕೊಂಡು ತರಗತಿಗೆ ಹೋದರು.

ಕಾರಿಡಾರಿನಲ್ಲಿ ಉಳಿದವರು ನಾವು ಮೂವರು. ನಾನು ಯಂಕಮ್ಮನಿಗೆ, ಆವತ್ತು ಗೇಟು ತೆಗೆಯಬೇಕಿತ್ತು, ಮಕ್ಕಳು ಒಳಗಿದ್ದರಲ್ಲ ಎಂದು ಹೆದರಿಬಿಟ್ಟೆ ಎಂದು ಹೇಳಲು ಶುರುಮಾಡಿದೆ. ಅವಳು ಮಗಳ ಜಡೆ ಸರಿಮಾಡುತ್ತಾ ಪೂರ್ತಿ ಕೇಳಿಸಿಕೊಂಡಳು. ಸಿಟ್ಟಿನ ಲವಲೇಶವೂ ಇಲ್ಲದ ದನಿಯಲ್ಲಿ ಉತ್ತರ ಕೊಟ್ಟಳು.

"ಗೇಟಿಂದು ಇಕಿ ಅಪ್ಪಗ ಸಿಟ್ಟಿಲ್ರಿ ಅಕ್ಕೋರ. ಒಳಗ ಇಕಿ ಇದ್ಲಲ್ಲ, ತಗೀಲಾರದ್ದು ಚಲೋನೇ ಆತು ಅಂತಾನ. ಆದ್ರ ಅಂವ ಏನಂತಾನ, ನಾ ಗೇಟ್ ತಗೀರಿ ಅಂತ ಕೇಳೇ ಇಲ್ಲ, ನಾ ಯಾರಂತ ಇವ್ರಿಗೆ ಹೇಳ್ರಿ ಅಂದೆ, ಅಕ್ಕೋರಿಗೆ ನನ್ ಹೆಸ್ರು ಗೊತ್ತಿತ್ತು ಅಂತಾನ."

ಅಷ್ಟು ದಿನ ನಾನು ಮನಸ್ಸಿನಲ್ಲಿ ವಾದ ಮಾಡಿಕೊಂಡು ಗೆದ್ದದ್ದು, ಸೋತದ್ದು ಎಲ್ಲ ಆ ಬೀಗದ ಬಗ್ಗೆಯೇ ಆಗಿತ್ತು. ಅವನು ಕೇಳಿದ್ದಕ್ಕೆ ಬೀಗ ತೆಗೆಯುವ ಅಗತ್ಯವೇ ಇರಲಿಲ್ಲ.

ಯಂಕಮ್ಮ ಟಿ.ಸಿ.ಯ ಹಾಳೆಯನ್ನು ನನ್ನ ಕಡೆ ಚಾಚಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಎಡಗೈ ಬರಹ, ಹೆಸರು ತಪ್ಪಿದ್ದರೆ ಅಲ್ಲಿ ಶಾಲೆಯವರು ಸೇರಿಸಿಕೊಳ್ಳುವುದಿಲ್ಲ, ಒಂದು ಸಲ ಓದಿ ಹೇಳಿ ಎಂದಳು. ನಾನು ಕನ್ನಡಕ ಹಾಕಿಕೊಂಡು ಓದತೊಡಗಿದೆ. ಬಾಯೊಳಗೇ ಓದುತ್ತಿದ್ದೆ. ಹುಲಿಗೆಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ಕೇಳವಲ್ದು ಅಕ್ಕೋರ," ಅಂದಳು ಯಂಕಮ್ಮ. "ಜೋರಾಗಿ ಓದ್ರಿ."

ವಿದ್ಯಾರ್ಥಿಯ ಹೆಸರು ಹುಲಿಗೆಮ್ಮ, ಎಂದು ಓದಿದೆ. ತಂದೆಯ ಹೆಸರು ದುರ್ಗಪ್ಪ.